ನಿಮಗಿದು ಗೊತ್ತೇ? ಲೋಟ ಬೇರೆ ಇಟ್ಟರು, ಬ್ಲೇಡು ಬೇರೆ ಇಡಲಿಲ್ಲ

ಹೆಪಟೈಟಿಸ್ ಬಿ ಇರುವವರು ಕುಡಿದಿಟ್ಟ ಲೋಟದಲ್ಲಿ ನೀರು ಕುಡಿದರೆ ಏನಾಗುತ್ತದೆ? ಬಾಯಾರಿಕೆ ತೀರುತ್ತದೆ. ಬೇರೇನೂ ಆಗುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಚಾಪೆಯಲ್ಲಿ ಮಲಗಿದರೂ, ಎದುರು ನಿಂತು ಕೆಮ್ಮಿದರೂ ಈ ವೈರಸ್ ದಾಟುವುದಿಲ್ಲ. ಸೊಳ್ಳೆಯೂ ಇದನ್ನು ಹೊತ್ತೊಯ್ಯುವುದಿಲ್ಲ.

ಅದೇ ಮನೆಯ ಗೋಡೆಗೂಡಿನಲ್ಲಿ ಅಣ್ಣ ತಮ್ಮ ಇಬ್ಬರೂ ಬಳಸುವ ಒಂದೇ ರೇಜರು ಇರುತ್ತದಲ್ಲ, ಅದು ಹೊತ್ತೊಯ್ಯಬಲ್ಲದು.

ದಾರಿಗಳು ಮುಖ್ಯವಾಗಿ ಮೂರು: ರಕ್ತ, ಲೈಂಗಿಕ ಸಂಪರ್ಕ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಾಗಲಿ ಬೇರೆಲ್ಲಾಗಲಿ, ಒಬ್ಬರ ರಿಪೋರ್ಟು ‘ಪಾಸಿಟಿವ್’ ಬಂದ ದಿನ ಮನೆಯಲ್ಲಿ ಮೊದಲು ಬೇರೆಯಾಗುವುದು ತಟ್ಟೆ, ಲೋಟ, ಹಾಸಿಗೆ. ರೇಜರ್, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ಷಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಹೆದರಬೇಕಾದ ಕಡೆ ಧೈರ್ಯ, ಧೈರ್ಯವಾಗಿರಬಹುದಾದ ಕಡೆ ಹೆದರಿಕೆ. ಈ ಸಲದ ಸಂಗತಿಗಳು ಬಹುಪಾಲು ಈ ಅದಲುಬದಲಿನ ಸುತ್ತಲೇ ಇವೆ.

ಮೊದಲು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನ ದೀರ್ಘಕಾಲದ ಹೆಪಟೈಟಿಸ್ ಬಿ ಹೊತ್ತು ಬದುಕುತ್ತಿದ್ದರು. ಭಾರತದಲ್ಲಿ 2.98 ಕೋಟಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ಅದರ ಅರ್ಧದ ಹತ್ತಿರ ಹತ್ತಿರ. ನಮಗಿಂತ ಮುಂದಿರುವ ದೇಶ ಚೀನಾ ಒಂದೇ.

ಅದಕ್ಕಿಂತ ಗಾಬರಿಯ ಅಂಕಿ ಇನ್ನೊಂದಿದೆ. ಭಾರತದ ಈ 2.98 ಕೋಟಿ ಜನರಲ್ಲಿ ತಮಗೆ ಸೋಂಕಿದೆ ಎಂದು ಪರೀಕ್ಷೆಯಿಂದ ಗೊತ್ತಾಗಿರುವವರು ನೂರಕ್ಕೆ ಮೂರು ಮಂದಿಯೂ ಇಲ್ಲ. ಹಾಗಾಗಿ ‘ಪಾಸಿಟಿವ್’ ಎಂದು ಊರಿಗೆಲ್ಲ ಗೊತ್ತಾದವರನ್ನು ದೂರ ಇಟ್ಟು ನೆಮ್ಮದಿಯಾಗಿರುವುದರಲ್ಲಿ ಅರ್ಥವಿಲ್ಲ. ಗೊತ್ತಿಲ್ಲದವರು ಅವರಿಗಿಂತ ಮೂವತ್ತು ನಲವತ್ತು ಪಟ್ಟು ಹೆಚ್ಚಿದ್ದಾರೆ. ನಾವೇ ಅವರಲ್ಲಿ ಒಬ್ಬರಿರಬಹುದು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತೇವೆ. ಹೆಪಟೈಟಿಸ್ ಬಿ ಹೊತ್ತವರಲ್ಲಿ ಹೆಚ್ಚಿನವರ ಕಣ್ಣು ವರ್ಷಗಟ್ಟಲೆ ಹಳದಿಯಾಗುವುದೇ ಇಲ್ಲ. ಸುಸ್ತಿಲ್ಲ, ಜ್ವರವಿಲ್ಲ, ಹೊಟ್ಟೆನೋವಿಲ್ಲ. ತೋಟದ ಕೆಲಸ, ಮದುವೆ, ಮಕ್ಕಳು ಎಲ್ಲ ನಡೆದಿರುತ್ತದೆ. ಒಳಗೆ ಲಿವರ್ ಮೆಲ್ಲಗೆ ಗಟ್ಟಿಯಾಗುತ್ತಿರಬಹುದು. ಬಹಳ ಮಂದಿಗೆ ಗೊತ್ತಾಗುವುದು ಬೇರಾವುದೋ ನೆಪದಲ್ಲಿ: ರಕ್ತದಾನ ಶಿಬಿರ, ಆಪರೇಷನ್ನಿಗೆ ಮುಂಚಿನ ತಪಾಸಣೆ, ಬಸುರಿಯ ತಾಯಿ ಕಾರ್ಡು.

ಜುಲೈ 28 ಯಾಕೆ ವಿಶ್ವ ಹೆಪಟೈಟಿಸ್ ದಿನ? ಅದು ಈ ವೈರಸ್ಸಿನ ಜಾಡು ಹಿಡಿದ ಅಮೆರಿಕದ ವಿಜ್ಞಾನಿ ಬರೂಕ್ ಬ್ಲೂಮ್‌ಬರ್ಗ್ ಹುಟ್ಟಿದ ದಿನ, ವರ್ಷ 1925. ತಮಾಷೆಯೆಂದರೆ ಅವರು ಹೆಪಟೈಟಿಸ್ ಹುಡುಕುತ್ತಲೇ ಇರಲಿಲ್ಲ. ಬೇರೆ ಬೇರೆ ಜನಾಂಗದವರ ರಕ್ತದ ಪ್ರೋಟೀನುಗಳಲ್ಲಿ ಏನು ವ್ಯತ್ಯಾಸ ಎಂದು ನೋಡುತ್ತಿದ್ದರು. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತಸಾರದಲ್ಲಿದ್ದ ಏನೋ ಒಂದು, ಹಲವು ಸಲ ರಕ್ತ ಹಾಕಿಸಿಕೊಂಡಿದ್ದ ಅಮೆರಿಕದ ಹಿಮೋಫಿಲಿಯಾ ರೋಗಿಯ ರಕ್ತಸಾರದೊಡನೆ ಪ್ರತಿಕ್ರಿಯಿಸಿತು. 1965ರಲ್ಲಿ ಅದಕ್ಕೆ ‘ಆಸ್ಟ್ರೇಲಿಯ ಆಂಟಿಜೆನ್’ ಎಂದು ಹೆಸರಿಟ್ಟರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು. 1976ರಲ್ಲಿ ನೊಬೆಲ್ ಬಂತು. ಇಂದು ಲ್ಯಾಬಿನವರು ‘ಎಚ್‌ಬಿಎಸ್‌ಎಜಿ’ ಎಂದು ಬರೆದುಕೊಡುವುದು ಇದೇ ವಸ್ತುವಿನ ಪರೀಕ್ಷೆ.

ಆ ಸಂಶೋಧನೆಯಲ್ಲಿ ಜೊತೆಗಿದ್ದ ಹಾರ್ವಿ ಆಲ್ಟರ್‌ಗೂ ನೊಬೆಲ್ ಬಂತು, 2020ರಲ್ಲಿ. ಅದು ಹೆಪಟೈಟಿಸ್ ಸಿ ಕೆಲಸಕ್ಕೆ.

ಬ್ಲೂಮ್‌ಬರ್ಗ್ ನಮ್ಮ ಕಡೆಗೂ ಬಂದಿದ್ದರು. 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲಿ ರಾಮನ್ ಹೆಸರಿನ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಇದಕ್ಕಿಂತ ಸ್ವಾರಸ್ಯದ ನಂಟು ತೋಟದ ನೆಲದಲ್ಲಿದೆ.

ಮಳೆ ಬಿದ್ದ ಮೇಲೆ ತೆಂಗಿನ ಪಾತಿಯ ಅಂಚಿನಲ್ಲಿ, ಬದುವಿನಲ್ಲಿ ಗೇಣುದ್ದ ಏಳುವ, ಎಲೆಯಡಿಗೆ ಸಾಸಿವೆಗಿಂತ ದಪ್ಪನೆಯ ಕಾಯಿ ಕಟ್ಟುವ ಗಿಡ ನೆಲನೆಲ್ಲಿ. ಕೆಲವರು ಕಿರುನೆಲ್ಲಿ ಅನ್ನುತ್ತಾರೆ. ಕಾಮಾಲೆಗೆ ನಾಟಿ ಔಷಧ ಕೊಡುವವರ ದೊಡ್ಡ ಭರವಸೆ ಇದೇ. 1988ರಲ್ಲಿ ಮದರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಹೆಪಟೈಟಿಸ್ ಬಿ ಹೊತ್ತವರಿಗೆ ಮೂವತ್ತು ದಿನ ನೆಲನೆಲ್ಲಿ ಪುಡಿ ಕೊಟ್ಟು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಿಂದ ಆಂಟಿಜೆನ್ ಮಾಯವಾಗಿತ್ತು. ಆ ಲೇಖನದ ಸಹಲೇಖಕರಲ್ಲಿ ಬ್ಲೂಮ್‌ಬರ್ಗ್ ಕೂಡ ಒಬ್ಬರು. ಜಗತ್ತೆಲ್ಲ ಕಿವಿ ನಿಮಿರಿಸಿತು. ನೊಬೆಲ್ ಪಡೆದವರು ನಮ್ಮ ಬದುವಿನ ಗಿಡದ ಬೆನ್ನಿಗೆ ನಿಂತರೆ ಯಾರಿಗೆ ಖುಷಿಯಾಗುವುದಿಲ್ಲ!

ಆದರೆ ಬೇರೆ ಕಡೆಗಳಲ್ಲಿ ಅದೇ ಪ್ರಯೋಗ ಮಾಡಿದವರಿಗೆ ಆ ಫಲಿತಾಂಶ ಸಿಗಲಿಲ್ಲ. ನಂತರ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡಿದ ವಿಮರ್ಶೆಯೂ ನಂಬುವಂಥ ಪುರಾವೆ ಇಲ್ಲವೆಂದೇ ಹೇಳಿತು. ನೆಲನೆಲ್ಲಿಯ ಮೇಲೆ ಕೋಪ ಬೇಡ. ಅದನ್ನು ಪ್ರಯೋಗಕ್ಕೆ ಒಡ್ಡಿ ನೋಡಿದರಲ್ಲ, ಅದೇ ದೊಡ್ಡದು. ಅದನ್ನು ನಂಬಿ ಆಸ್ಪತ್ರೆಯ ಮಾತ್ರೆ ಬಿಡುವುದು ಮಾತ್ರ ಬೇಡ.

‘ಮತ್ತೆ ನಮ್ಮ ಮಾವನಿಗೆ ನಾಟಿ ಔಷಧದಲ್ಲೇ ವಾಸಿಯಾಯಿತಲ್ಲ?’ ಆಗಿರುತ್ತದೆ. ದೊಡ್ಡವರಾದ ಮೇಲೆ ಹೆಪಟೈಟಿಸ್ ಬಿ ತಗುಲಿದ ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಮಂದಿ ಯಾವ ಔಷಧವೂ ಇಲ್ಲದೆ ಕೆಲವು ತಿಂಗಳಲ್ಲಿ ವೈರಸ್ಸನ್ನು ತಾವೇ ಗೆಲ್ಲುತ್ತಾರೆ. ನೀರಿನಿಂದ ಬರುವ ‘ಎ’ ಮತ್ತು ‘ಇ’ ಕಾಮಾಲೆಗಳೂ ಬಹುಪಾಲು ತಾವಾಗಿಯೇ ಇಳಿಯುತ್ತವೆ. ಆ ಸಮಯದಲ್ಲಿ ಕೊಟ್ಟ ಕಷಾಯ, ಮೂಗಿಗೆ ಬಿಟ್ಟ ರಸ, ಸುಣ್ಣದ ನೀರಿನಲ್ಲಿ ತೊಳೆಸಿದ ಕೈ, ರಟ್ಟೆಗೆ ಹಾಕಿದ ಬರೆ, ಎಲ್ಲಕ್ಕೂ ಹೆಸರು ಬರುತ್ತದೆ. ಬರೆಯ ಗಾಯ ಮಾತ್ರ ಉಳಿದುಕೊಳ್ಳುತ್ತದೆ.

ಹುಟ್ಟುವಾಗ ತಗುಲಿದರೆ ಲೆಕ್ಕ ಪೂರಾ ತಿರುಗುಮುರುಗು. ನೂರು ಹಸುಗೂಸುಗಳಲ್ಲಿ ಸುಮಾರು ತೊಂಬತ್ತಕ್ಕೆ ಸೋಂಕು ಜೀವಮಾನವಿಡೀ ಉಳಿಯುತ್ತದೆ. ಮುಂದೆ ಮೂವತ್ತು, ನಲವತ್ತು, ಐವತ್ತರಲ್ಲಿ ಸಿರೋಸಿಸ್ (ಲಿವರ್ ಗಟ್ಟಿಯಾಗುವುದು), ಲಿವರ್ ಕ್ಯಾನ್ಸರ್ ಬರುವವರಲ್ಲಿ ದೊಡ್ಡ ಪಾಲು ಇವರದು. ‘ಯಾವ ಚಟವೂ ಇರಲಿಲ್ಲ, ಲಿವರ್ ಹೇಗೆ ಹೋಯಿತು?’ ಎಂದು ಸಾವಿನ ಮನೆಯಲ್ಲಿ ಕೇಳುವ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಹೆರಿಗೆ ಕೋಣೆಯಲ್ಲಿರುತ್ತದೆ. ಕುಡಿಯದ ಮನುಷ್ಯನನ್ನು ಕುಡುಕ ಎಂದು ಗುಮಾನಿ ಪಡುವುದು, ಹೆಂಗಸಾದರೆ ನಡತೆಯ ಮೇಲೆ ಮಾತಾಡುವುದು, ಇವೆರಡೂ ನಮ್ಮಲ್ಲಿ ಬಹಳ ಸುಲಭಕ್ಕೆ ನಡೆಯುತ್ತವೆ.

ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸು ಬೀಳಬೇಕು. ‘ನಾಮಕರಣಕ್ಕೆ ಮುಂಚೆ ಹಾಕಿಸಿದರಾಯಿತು’ ಎಂದರೆ ಆಗದು. ಗಂಟೆ ಕಳೆದಂತೆಲ್ಲ ತಾಯಿಯಿಂದ ಬಂದ ವೈರಸ್ಸು ಕೂಸಿನ ಲಿವರಿನಲ್ಲಿ ನೆಲೆಯೂರುತ್ತದೆ. ತಾಯಿಗೆ ಸೋಂಕಿದ್ದರೆ ಲಸಿಕೆಯ ಜೊತೆಗೆ ಇಮ್ಯೂನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಇಂಜೆಕ್ಷನ್ನೂ ಬೇಕು, ಇನ್ನೊಂದು ತೊಡೆಗೆ. ತಾಯಿಯ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಬಹಳವಿದ್ದರೆ ಏಳನೇ ತಿಂಗಳ ಹೊತ್ತಿಗೆ ಅವಳಿಗೇ ಮಾತ್ರೆ ಶುರು ಮಾಡುತ್ತಾರೆ. ಹಾಗಾಗಿ ತಾಯಿ ಕಾರ್ಡಿನಲ್ಲಿ ಎಚ್‌ಬಿಎಸ್‌ಎಜಿ ಪರೀಕ್ಷೆಯ ಸಾಲು ಖಾಲಿ ಬಿಟ್ಟಿದ್ದಾರೆಯೇ ಎಂದು ಮನೆಯವರೇ ನೋಡಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಲು ನಾಚಿಕೆ ಬೇಡ.

ಎದೆಹಾಲು? ಧಾರಾಳವಾಗಿ ಕೊಡಬಹುದು. ಸೋಂಕಿರುವ ತಾಯಿಯಿಂದ ಮಗುವನ್ನು ಬಿಡಿಸಿ ಡಬ್ಬದ ಹಾಲಿಗೆ ಹಾಕಬೇಕಾದ ಕಾರಣವೇ ಇಲ್ಲ.

ಕರ್ನಾಟಕದ ಸರ್ಕಾರಿ ಲಸಿಕೆ ಪಟ್ಟಿಗೆ ಹೆಪಟೈಟಿಸ್ ಬಿ ಬಂದದ್ದು 2007-08ರ ಸುಮಾರಿಗೆ, ಹತ್ತು ರಾಜ್ಯಗಳಿಗೆ ವಿಸ್ತರಿಸಿದಾಗ. ದೇಶಕ್ಕೆಲ್ಲ ಬಂದದ್ದು 2011ರಲ್ಲಿ. ಈಗ ಹುಟ್ಟಿದಾಗ ಒಂದು, ಆಮೇಲೆ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಪೆಂಟಾವೇಲೆಂಟ್ ಲಸಿಕೆಯೊಳಗೆ ಸೇರಿ ಮೂರು. ಇದರ ಇನ್ನೊಂದು ಅರ್ಥ ನೋಡಿ: ಮನೆಯ ಚಿಕ್ಕ ಮಕ್ಕಳಿಗೆ ರಕ್ಷಣೆ ಇದೆ, ಅಪ್ಪ, ಅಮ್ಮ, ಅಜ್ಜಿ, ಕಾಲೇಜು ಮುಗಿಸಿದ ಅಣ್ಣನಿಗೆ ಬಹುಶಃ ಇಲ್ಲ.

ಈ ಲಸಿಕೆ ತಯಾರಾಗುವುದು ಯೀಸ್ಟಿನಲ್ಲಿ. ಅಯ್ಯಂಗಾರ್ ಬೇಕರಿಯಲ್ಲಿ ಹಿಟ್ಟು ಉಬ್ಬಿಸುವುದೂ ಯೀಸ್ಟೇ. ವೈರಸ್ಸಿನ ಹೊರಕವಚದ ಒಂದು ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿದರೆ ಅದು ಕವಚವನ್ನಷ್ಟೇ ತಯಾರಿಸಿಕೊಡುತ್ತದೆ. ಒಳಗೆ ವೈರಸ್ ಇರುವುದೇ ಇಲ್ಲ. ಹೀಗಾಗಿ ಲಸಿಕೆಯಿಂದ ರೋಗ ಬರುವ ಮಾತೇ ಇಲ್ಲ. 1986ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇದು ಜೀನ್ ತಂತ್ರಜ್ಞಾನದಿಂದ ಮಾಡಿದ ಮನುಷ್ಯರ ಮೊದಲ ಲಸಿಕೆ. ಭಾರತದಲ್ಲೇ ಇದನ್ನು ತಯಾರಿಸಿದ್ದು ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್, 1997ರಲ್ಲಿ. ಸಂಸ್ಥಾಪಕ ವರಪ್ರಸಾದ ರೆಡ್ಡಿ ಕಂಪನಿಗೆ ಇಟ್ಟದ್ದು ತಮ್ಮ ತಾಯಿಯ ಹೆಸರು. ಆಮದು ಲಸಿಕೆಯ ದರ ಕೇಳಿ ಹೌಹಾರುತ್ತಿದ್ದ ಕಾಲ ಅಲ್ಲಿಂದ ಮುಗಿಯತೊಡಗಿತು.

ಕ್ಯಾನ್ಸರ್ ತಡೆಯುವ ಮೊದಲ ಲಸಿಕೆ ಎಂಬ ಹೆಸರೂ ಇದಕ್ಕೇ ಸಲ್ಲುತ್ತದೆ. ಯೀಸ್ಟಿನ ಲಸಿಕೆಗೂ ಮುಂಚಿನ ಹೆಪಟೈಟಿಸ್ ಬಿ ಲಸಿಕೆಯನ್ನು ತೈವಾನ್ 1984ರಲ್ಲೇ ಹಸುಗೂಸುಗಳಿಗೆ ಹಾಕಲು ಶುರು ಮಾಡಿತು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲೇ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿದದ್ದು ಅಂಕಿಗಳಲ್ಲಿ ಕಂಡಿತು.

ಇನ್ನು ಕೊಬ್ಬರಿಯ ವಿಷಯ. ತಿಪಟೂರಿನ ಎಪಿಎಂಸಿ ಅಂಗಳಕ್ಕೆ ಬರುವ ಉಂಡೆ ಕೊಬ್ಬರಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂತು ಬಂದಿರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಲೊಡಲೊಡ ಎನ್ನಬೇಕು. ಚಿಪ್ಪು ಬಿರುಕು ಬಿಟ್ಟರೆ, ಅಟ್ಟ ಸೋರಿದರೆ, ಒಡೆದ ಕೊಬ್ಬರಿಯನ್ನು ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಹಸಿರು ಹಳದಿ ಬಣ್ಣದ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ಇರಬಹುದು. ಅದು ಹೊರಬಿಡುವ ವಿಷ ಅಫ್ಲಾಟಾಕ್ಸಿನ್. ಕಡಲೆಕಾಯಿ, ಮೆಕ್ಕೆಜೋಳಕ್ಕೂ ಇದೇ ಕಾಟ. ಈ ವಿಷ ಬೆಳಕಿಗೆ ಬಂದದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ. ತಿಂದದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ.

ಹೆಪಟೈಟಿಸ್ ಬಿಗೂ ಇದಕ್ಕೂ ಏನು ಸಂಬಂಧ? ಚೀನಾದ ಶಾಂಘೈಯಲ್ಲಿ 18,000ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಅಫ್ಲಾಟಾಕ್ಸಿನ್ ಒಂದೇ ದೇಹ ಸೇರಿದ್ದವರಲ್ಲಿ ಲಿವರ್ ಕ್ಯಾನ್ಸರಿನ ಅಪಾಯ ಸುಮಾರು ಮೂರು ಪಟ್ಟು, ಹೆಪಟೈಟಿಸ್ ಬಿ ಒಂದೇ ಇದ್ದವರಲ್ಲಿ ಸುಮಾರು ಏಳು ಪಟ್ಟು. ಎರಡೂ ಸೇರಿದವರಲ್ಲಿ? ಹತ್ತಲ್ಲ, ಇಪ್ಪತ್ತಲ್ಲ, ಸುಮಾರು ಅರವತ್ತು ಪಟ್ಟು. ಕೊಬ್ಬರಿಯಿಂದ ಬದುಕುವ ಸೀಮೆ ಈ ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಬೂಷ್ಟು ಹೆರೆದು ತೆಗೆದರೆ ವಿಷ ಹೋಗುವುದಿಲ್ಲ. ಒಗ್ಗರಣೆಯ ಕಾವಿಗೂ ಪೂರ್ತಿ ಹೋಗುವುದಿಲ್ಲ. ಒಳ್ಳೆಯದನ್ನು ಹರಾಜಿಗೆ ಕಳಿಸಿ ಕೌಟು ಕೊಬ್ಬರಿಯನ್ನು ‘ಮನೆಗಾಯಿತು’ ಎಂದು ಅಡಿಗೆಮನೆಗೆ ಇಟ್ಟುಕೊಳ್ಳುವುದು ಉಳಿತಾಯವಲ್ಲ. ಅದನ್ನೇ ಗಾಣಕ್ಕೆ ಹಾಕಿ, ಹಿಂಡಿಯನ್ನು ಹಸುವಿಗೆ ತಿನ್ನಿಸಿದರೆ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿನಲ್ಲಿ ಮನೆಗೇ ವಾಪಸು ಬರುತ್ತದೆ. ಹಾಗೆಂದು ಒಳ್ಳೆಯ ಕೊಬ್ಬರಿಗೆ ಹೆದರುವುದು ಬೇಡ. ಚೆನ್ನಾಗಿ ಒಣಗಿದ್ದು, ಬೆಳ್ಳಗಿರುವುದು, ಕಹಿಯಿಲ್ಲದ್ದು ಯಾರಿಗೂ ತೊಂದರೆ ಮಾಡುವುದಿಲ್ಲ.

ಎಳನೀರು ಲಿವರಿಗೆ ಔಷಧವೇ? ಅಲ್ಲ. ಕುಡಿಯಬಾರದೇ? ಕುಡಿಯಬಹುದು. ಒಂದು ಗುಂಪಿನವರು ಮಾತ್ರ ಎಚ್ಚರ ವಹಿಸಬೇಕು: ಸಿರೋಸಿಸ್ ಆಗಿ ಹೊಟ್ಟೆಯಲ್ಲಿ ನೀರು ತುಂಬಿ, ಅದನ್ನು ಇಳಿಸಲು ಸ್ಪೈರನೊಲ್ಯಾಕ್ಟೋನ್ ಮಾತ್ರೆ ನುಂಗುತ್ತಿರುವವರು. ಆ ಮಾತ್ರೆ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಎರಡೂ ಸೇರಿ ಮಿತಿಮೀರಿದರೆ ಹೃದಯದ ಬಡಿತ ತಪ್ಪಬಹುದು. ನೋಡಲು ಬರುವ ನೆಂಟರೆಲ್ಲ ಪ್ರೀತಿಯಿಂದ ಎಳನೀರು ಕೆತ್ತಿಸಿಕೊಂಡೇ ಬರುವ ಊರಿನಲ್ಲಿ ಇದನ್ನು ಹೇಳದಿದ್ದರೆ ತಪ್ಪಾದೀತು. ದಿನಕ್ಕೆಷ್ಟು ಎಂದು ವೈದ್ಯರನ್ನೇ ಕೇಳಿ.

ಪಥ್ಯ: ಅರಿಶಿನ ಬಿಡಿಸಿದರೆ ಹಳದಿ ಇಳಿಯುವುದಿಲ್ಲ. ಎಣ್ಣೆ, ತುಪ್ಪ, ಬೇಳೆ, ಮೊಟ್ಟೆ ಎಲ್ಲ ನಿಲ್ಲಿಸಿ ಬರೀ ಗಂಜಿ ಹಾಕಿದರೆ ಇಳಿಯುವುದು ರೋಗಿಯ ತೂಕ. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಧಾರಾಳವಾಗಿ ಉಣ್ಣಲಿ. ಹೆಂಡ ಸಾರಾಯಿ ಮಾತ್ರ ಒಂದು ತೊಟ್ಟೂ ಬೇಡ. ಅಮೃತಬಳ್ಳಿಯ ವಿಷಯಕ್ಕೆ ಬಂದರೆ, ಕೋವಿಡ್ ಕಾಲದಲ್ಲಿ ದಿನಾ ಕಷಾಯ ಕುಡಿದ ಕೆಲವರಲ್ಲಿ ಲಿವರ್ ಊತ ಕಂಡದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಇತ್ಯರ್ಥವಾಗುವ ತನಕ ಹೆಪಟೈಟಿಸ್ ಬಿ ಇರುವವರು ಅದರಿಂದ ದೂರವಿದ್ದರೆ ಕಳೆದುಕೊಳ್ಳುವುದೇನಿಲ್ಲ.

ಮಂಡಿನೋವಿಗೆ ಯಾರೋ ಕೊಟ್ಟ ‘ಪವರ್’ ಮಾತ್ರೆಯಲ್ಲಿ ಸ್ಟೀರಾಯ್ಡ್ ಇದ್ದರೆ? ಮಲಗಿದ್ದ ಹೆಪಟೈಟಿಸ್ ಬಿ ಎದ್ದು ಕೂರಬಹುದು. ಕ್ಯಾನ್ಸರಿನ ಕೀಮೋಥೆರಪಿಯಲ್ಲೂ ಇದೇ ಭಯ. ಆದ್ದರಿಂದಲೇ ಅಂಥ ಚಿಕಿತ್ಸೆಗೆ ಮೊದಲು ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸುತ್ತಾರೆ.

ಈ ರೋಗ ಸೂಜಿಯ ಬೆನ್ನು ಹತ್ತಿ ಬಂದ ಚರಿತ್ರೆ ದೊಡ್ಡದು. ಜರ್ಮನಿಯ ಬ್ರೆಮೆನ್ ಹಡಗುಕಟ್ಟೆಯಲ್ಲಿ 1883ರಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡ 1,289 ಕೆಲಸಗಾರರಲ್ಲಿ 191 ಮಂದಿಗೆ ಕೆಲವು ತಿಂಗಳ ನಂತರ ಕಾಮಾಲೆ ಬಂತು. ಲಸಿಕೆಯಲ್ಲಿ ಮನುಷ್ಯರ ದೇಹದ್ರವ (ಲಿಂಫ್) ಇತ್ತು. 1942ರಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಹಳದಿಜ್ವರದ ಲಸಿಕೆಯಲ್ಲೂ ಅದೇ ಕಥೆ. ಸುಮಾರು 50,000 ಮಂದಿ ಕಾಮಾಲೆಯಿಂದ ಮಲಗಿದರು. ನಮ್ಮಲ್ಲಿ 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿತು, ಹತ್ತಾರು ಜೀವ ಹೋದವು.

‘ಒಂದು ಸೂಜಿ ಚುಚ್ಚಿಸಿಕೊಂಡು, ಒಂದು ಬಾಟ್ಲು ಗ್ಲೂಕೋಸ್ ಏರಿಸಿಕೊಂಡರೇ ಮೈ ಹಗುರ’ ಎನ್ನುವ ನಮ್ಮ ನಂಬಿಕೆಗೆ ಇದರಲ್ಲಿ ಪಾಲಿದೆ. ಮಾತ್ರೆ ಸಾಕು ಎನ್ನುವ ಡಾಕ್ಟರ ಹತ್ತಿರ ಜನ ಹೋಗುವುದಿಲ್ಲ, ಸೂಜಿಯವರ ಹತ್ತಿರ ಸಾಲು. ಚುಚ್ಚಲೇಬೇಕಾದರೆ ಹೊಸ ಸಿರಿಂಜಿನ ಕವರನ್ನು ಕಣ್ಣೆದುರೇ ಹರಿಯಲು ಹೇಳಿ. ಶುಗರ್ ತಪಾಸಣೆ ಶಿಬಿರದಲ್ಲಿ ಬೆರಳು ಚುಚ್ಚುವ ಲ್ಯಾನ್ಸೆಟ್ ಒಬ್ಬರಿಗೆ ಒಂದು.

ಮನೆಯಲ್ಲಿ ಇನ್ಸುಲಿನ್ ಹಾಕಿಕೊಳ್ಳುವವರು ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆಯುವುದುಂಟು. ಆ ತಿಪ್ಪೆಯ ಗೊಬ್ಬರವೇ ತೆಂಗಿನ ಪಾತಿಗೆ ಹೋಗುವುದು, ಹರಡುವುದು ಕೂಲಿಯವರ ಬರಿಗೈ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿ, ಆಸ್ಪತ್ರೆಗೆ ಒಪ್ಪಿಸಿ.

ದೇಹದಿಂದ ಹೊರಬಿದ್ದ ಒಣರಕ್ತದಲ್ಲಿ ಈ ವೈರಸ್ ಕನಿಷ್ಠ ಏಳು ದಿನ ಜೀವಂತ. ಕ್ಷೌರದ ಅಂಗಡಿಯಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಕೇಳುವುದು ಜಂಬವಲ್ಲ. ಜಾತ್ರೆಯಲ್ಲಿ ಹಚ್ಚೆ ಹಾಕುವವರ ಸೂಜಿ, ಮಗುವಿನ ಕಿವಿ ಚುಚ್ಚುವ ತಂತಿ, ಇವೂ ಅದೇ ಲೆಕ್ಕ. ಸ್ವೀಡನ್ನಿನಲ್ಲಿ 1957ರಿಂದ 1963ರ ತನಕ ಕಾಡಿನಲ್ಲಿ ದಾರಿ ಹುಡುಕಿ ಓಡುವ ಕ್ರೀಡಾಪಟುಗಳಲ್ಲಿ 500ಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ಬಿ ಹಬ್ಬಿತ್ತು. ಮುಳ್ಳುಪೊದೆ ತರಚಿದ ಕಾಲನ್ನು ಎಲ್ಲರೂ ಒಂದೇ ನೀರಿನಲ್ಲಿ ತೊಳೆದುಕೊಂಡದ್ದೇ ಇದಕ್ಕೆ ಕಾರಣವಿರಬೇಕೆಂದು ಗುಮಾನಿ.

ಮಚ್ಚು ತಾಗಿ ರಕ್ತ ಸುರಿದರೆ? ಗಾಯಕ್ಕೆ ಕಟ್ಟು, ನೆಲಕ್ಕೆ ಬ್ಲೀಚಿಂಗ್ ದ್ರಾವಣ, ಒರೆಸುವವರ ಕೈಗೆ ಪ್ಲಾಸ್ಟಿಕ್ ಕವರಾದರೂ ಸರಿ. ಯಾರ ರಕ್ತವಾದರೂ ಸರಿ, ಇದೇ ಕ್ರಮ.

ಅಮಿತಾಭ್ ಬಚ್ಚನ್‌ಗೂ ಹೆಪಟೈಟಿಸ್ ಬಿ ಬಂದಿತ್ತು. ಆ ಕಥೆಯ ಆರಂಭ ಕರ್ನಾಟಕದಲ್ಲೇ. 1982ರ ಜುಲೈಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯದಲ್ಲಿ ಅವರ ಹೊಟ್ಟೆಗೆ ಪೆಟ್ಟು ಬಿತ್ತು. ಆಮೇಲೆ ಬದುಕಿಸಲು ಹತ್ತಾರು ಬಾಟಲಿ ರಕ್ತ ಬೇಕಾಯಿತು. ಅದರಲ್ಲೊಂದರಿಂದ ಸೋಂಕು ತಗುಲಿತೆಂದೂ, ಅದು ಗೊತ್ತಾಗುವಷ್ಟರಲ್ಲಿ ಲಿವರಿನ ಮುಕ್ಕಾಲು ಭಾಗ ಹೋಗಿತ್ತೆಂದೂ ಅವರೇ ಹೇಳಿಕೊಂಡಿದ್ದಾರೆ. ಉಳಿದ ಕಾಲುಭಾಗದಲ್ಲಿ ಎಂಬತ್ತು ದಾಟಿಯೂ ಕ್ಯಾಮೆರಾ ಮುಂದೆ ನಿಂತಿದ್ದಾರೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಆಗ್ನೇಯ ಏಷ್ಯಾ ವಲಯದ ಹೆಪಟೈಟಿಸ್ ರಾಯಭಾರಿ ಮಾಡಿತು. ಈಗ ನಮ್ಮ ರಕ್ತನಿಧಿಗಳಲ್ಲಿ ದಾನಿಗಳ ಪ್ರತಿ ಬಾಟಲಿಯನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುವುದು ಕಡ್ಡಾಯ.

ಚಟಪಟ ಮೂರು. ಹೆಪಟೈಟಿಸ್ ಬಿ ವೈರಸ್ಸಿನ ವಂಶವಾಹಿ ಬರಹದಲ್ಲಿ ಇರುವುದು ಸುಮಾರು 3,200 ಅಕ್ಷರ. ಮನುಷ್ಯನದರಲ್ಲಿ 300 ಕೋಟಿ. ಹತ್ತು ಸಾವಿರ ವರ್ಷ ಹಿಂದಿನ ಮನುಷ್ಯರ ಅವಶೇಷಗಳಲ್ಲೂ ಇದರ ಗುರುತು ಸಿಕ್ಕಿದೆ. ಹೆಪಟೈಟಿಸ್ ಡಿ ಎಂಬ ಇನ್ನೊಂದು ವೈರಸ್ಸಿದೆ, ‘ಬಿ’ ಇಲ್ಲದ ದೇಹದಲ್ಲಿ ಅದಕ್ಕೆ ಬದುಕಿಲ್ಲ. ‘ಬಿ’ ಲಸಿಕೆ ಹಾಕಿಸಿಕೊಂಡರೆ ‘ಡಿ’ಯಿಂದಲೂ ರಕ್ಷಣೆ.

ಔಷಧ ಇದೆಯೇ? ಇದೆ, ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಅಲ್ಲಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕಳಿಸಬಹುದು. ದಾರಿ ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ. ದಿನಕ್ಕೊಂದು ಟೆನೊಫೊವಿರ್ ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ. ಬೇರುಸಹಿತ ಕೀಳುವುದು ಅಪರೂಪ. ಹಾಗಾಗಿ ವರ್ಷಗಟ್ಟಲೆ ನುಂಗಬೇಕು. ‘ರಿಪೋರ್ಟು ಚೆನ್ನಾಗಿ ಬಂತು’ ಎಂದು ತಾನೇ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಉಕ್ಕಿ ಜೀವಕ್ಕೇ ಸಂಚಕಾರ ತರಬಹುದು.

ಪಾಸಿಟಿವ್ ಬಂದವರೆಲ್ಲರಿಗೂ ಮಾತ್ರೆ ಬೇಕಿಲ್ಲ. ವೈರಸ್ಸಿನ ಪ್ರಮಾಣ, ಲಿವರಿನ ಸ್ಥಿತಿ, ಮನೆಯಲ್ಲಿ ಲಿವರ್ ಕ್ಯಾನ್ಸರಿನ ಇತಿಹಾಸ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಮಾತ್ರೆ ಬೇಡ ಎಂದರೂ ಆಗಾಗ ತಪಾಸಣೆ ಬೇಕೇ ಬೇಕು. ಅಪಾಯ ಹೆಚ್ಚಿರುವವರು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕು. ಸಿರೋಸಿಸ್ ಇಲ್ಲದೆಯೂ ಇದರಿಂದ ಕ್ಯಾನ್ಸರ್ ಬರಬಹುದು. ದಸರಿಘಟ್ಟದ ಚೌಡೇಶ್ವರಿ ಅಮ್ಮನಲ್ಲಿ ಅಪ್ಪಣೆ ಕೇಳುವವರು ಕೇಳಲಿ. ಸ್ಕ್ಯಾನಿಂಗ್ ದಿನಾಂಕ ಮಾತ್ರ ಮುಂದೆ ಹಾಕಬೇಡಿ.

ಮಂಪರು, ಮಾತು ತೊದಲುವುದು, ರಕ್ತವಾಂತಿ, ಕಪ್ಪು ಮಲ: ಇವುಗಳಲ್ಲಿ ಯಾವುದು ಕಂಡರೂ ಆ ರಾತ್ರಿಯೇ ಆಸ್ಪತ್ರೆ.

ಎಚ್‌ಐವಿ ಇರುವವರಿಗೆ ತಾರತಮ್ಯದ ವಿರುದ್ಧ 2017ರ ಕಾನೂನಿನ ಆಸರೆಯಿದೆ. ಹೆಪಟೈಟಿಸ್ ಬಿ ಆ ಕಾನೂನಿನೊಳಗೆ ಬರುವುದಿಲ್ಲ. ಕೊಲ್ಲಿ ದೇಶಗಳ ಕೆಲಸದ ವೀಸಾ ತಪಾಸಣೆಯಲ್ಲಿ ಪಾಸಿಟಿವ್ ಬಂದರೆ ‘ಅನರ್ಹ’ ಎಂಬ ಮುದ್ರೆ ಬೀಳುತ್ತದೆ. ಕೆಲಸಕ್ಕೆ ಏನೂ ಅಡ್ಡಿಯಾಗದ ರೋಗಕ್ಕೆ ಕೆಲಸವೇ ಹೋಗುತ್ತದೆ. ಕೋಟ್ಯಂತರ ಸೋಂಕಿತರಿರುವ ಚೀನಾ 2010ರಲ್ಲಿ ನೌಕರಿಗೆ, ಶಾಲೆಗೆ ಸೇರುವಾಗ ಈ ಪರೀಕ್ಷೆ ಮಾಡಿಸುವುದನ್ನೇ ನಿಷೇಧಿಸಿತು. ನಮ್ಮಲ್ಲಿ ಅಂಥದ್ದೊಂದು ಮಾತು ವಿಧಾನಸೌಧದಲ್ಲಾದರೂ ಎದ್ದರೆ ಒಳ್ಳೆಯದು. ಅಲ್ಲಿಯವರೆಗೆ ಲ್ಯಾಬಿನ ಕಾಗದವನ್ನು ಟೀ ಅಂಗಡಿಯಲ್ಲಿ ಓದದಿರುವುದು ನಮ್ಮ ಕೈಯಲ್ಲಿದೆ. ಮರ ಹತ್ತುವವರು, ಕಾಯಿ ಸುಲಿಯುವವರು, ಹೋಟೆಲಿನಲ್ಲಿ ಅಡಿಗೆ ಮಾಡುವವರು, ಟೀಚರು, ಯಾರೂ ಈ ಕಾರಣಕ್ಕೆ ಕೆಲಸ ಬಿಡಬೇಕಿಲ್ಲ.

ಕಡೆಯದಾಗಿ ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ: ‘ಹುಡುಗನಿಗೆ ಬಿ ಪಾಸಿಟಿವ್ ಅಂತೆ, ಹೆಣ್ಣು ಕೊಡಬಹುದೇ?’ ಮೊದಲು ಅದು ರಕ್ತದ ಗುಂಪೋ ಹೆಪಟೈಟಿಸ್ಸೋ ಕೇಳಿಕೊಳ್ಳಿ. ಈ ಗಲಿಬಿಲಿಯಲ್ಲಿ ಸಂಬಂಧ ಮುರಿಯಬಾರದಲ್ಲ. ಹೆಪಟೈಟಿಸ್ ಆಗಿದ್ದರೂ ಕೊಡಬಹುದು, ತರಬಹುದು. ಇನ್ನೊಬ್ಬರಿಗೆ ರಕ್ತಪರೀಕ್ಷೆ ಮಾಡಿಸಿ. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ ಲಸಿಕೆ ಮೂರು ಡೋಸು: ಇವತ್ತು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು. ಮೂರನೆಯದಾದ ಒಂದೆರಡು ತಿಂಗಳಿಗೆ ಆ್ಯಂಟಿ-ಎಚ್‌ಬಿಎಸ್ ಪರೀಕ್ಷೆ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಸಿಕ್ಕಿತು. ಬರದಿದ್ದರೆ ಇನ್ನೊಂದು ಸುತ್ತು ಲಸಿಕೆ. ಎರಡನೇ ಸುತ್ತಿಗೆ ಬಹಳ ಮಂದಿಗೆ ಬರುತ್ತದೆ. ಅಲ್ಲಿಯವರೆಗೆ ಕಾಂಡೋಮ್.